ಹೆಂಡತಿಗೊಂದು ಚೌಕ

ಸುವಾ
ಆಗಸ್ಟ್ ೯

ಬೋಳುತಲೆಯ ಭಾವ ಜೋವಿಲಿಸಿಗೆ,

ಸಕೇಯಾಸಿಯ ನಮಸ್ಕಾರ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಕ್ಷಮಿಸು. ಕೈಗೆ ಪುರುಸೊತ್ತಿತ್ತು, ಧೈರ್ಯಕ್ಕೆ ಇರಲಿಲ್ಲ. ನಿಮ್ಮ ತವೆಯುನಿ ದ್ವೀಪದಲ್ಲಿ ಈ ಸಲ ಕೆಸುವಿನ ಗೆಡ್ಡೆ ನಿನ್ನ ತಲೆಯಷ್ಟು ದಪ್ಪವಂತೆ. ಕೀಳುವವರ ಹತ್ತಿರ ಮಲಗಬೇಡ.

ಇಲ್ಲಿಯ ಸಮಾಚಾರ ನಗುವಂಥದ್ದಲ್ಲ. ನಿನ್ನ ತಂಗಿ ಮಿಲಿಕಾಗೆ ಎಚ್‌ಐವಿ ಇದೆ. ಮಾತ್ರೆ ನುಂಗಿದರೆ ಹಣ್ಣುಮುದುಕಿಯಾಗುವವರೆಗೂ ನನ್ನನ್ನು ಬೈದುಕೊಂಡಿರಬಹುದು ಎಂದರು ಡಾಕ್ಟರು. ಆರು ವಾರವಾಯಿತು, ಅವಳು ಡಬ್ಬಿಯ ಮುಚ್ಚಳ ತೆಗೆದಿಲ್ಲ. ತಪ್ಪು ನನ್ನದು.

ನಾನು ರಕ್ತ ಪರೀಕ್ಷೆಯ ವ್ಯಾನಿನಲ್ಲಿ ಕೂರುವುದು ನಿನಗೆ ಗೊತ್ತು. ನಮ್ಮ ಫಾರಮ್ಮಿನಲ್ಲಿ ನಾಲ್ಕು ಚೌಕ: ಮೈ ಮಾರುವ ಹೆಂಗಸರು, ಗಂಡಸರ ಜೊತೆ ಮಲಗುವ ಗಂಡಸರು, ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವವರು, ಸೂಜಿಯಲ್ಲಿ ಅಮಲು ಚುಚ್ಚಿಕೊಳ್ಳುವವರು. ಅಪಾಯ ಹೆಚ್ಚಿರುವ ಗುಂಪು ಇವರದೇ ಅಂತೆ, ವ್ಯಾನಿನ ಪರೀಕ್ಷೆಯೂ ಇವರಿಗಷ್ಟೇ. ಉಳಿದವರು ಸಾಮಾನ್ಯ ಜನ, ದೊಡ್ಡಾಸ್ಪತ್ರೆಗೆ ಹೋಗಬೇಕು.

“ಹೆಂಡ್ತೀರು ಯಾವ ಚೌಕ ಮೇಡಂ?” ಎಂದು ನಮ್ಮ ಮೇಲಧಿಕಾರಿ ಲೈಸಾಳನ್ನು ಒಮ್ಮೆ ಕೇಳಿದ್ದೆ.

“ಮನೇಲಿರೋರಿಗೆ ಎಂಥ ಅಪಾಯ ತಾತ?”

“ಗಂಡ,” ಅಂದೆ.

ನಕ್ಕಳು. ನಾನು ಏನಂದರೂ ನಗುತ್ತಾರೆ, ಅದೇ ಕಷ್ಟ.

ಅವತ್ತು ಮಧ್ಯಾಹ್ನ ಮಿಲಿಕಾ ಊಟ ತಂದಳು. “ಮೂವತ್ತು ಜನ ಆಗ್ಬೇಕು, ಒಬ್ರು ಕಮ್ಮಿ. ಬೆರಳು ಕೊಡೆ,” ಅಂದೆ. ಮೊದಲನೇ ಚೌಕಕ್ಕೆ ಗುರುತು ಹಾಕಿ ತೋರಿಸಿದೆ.

“ಐವತ್ತೊಂದ್ ವಯಸ್ಸಿಗೆ ಕೆಲ್ಸ ಕೊಡಿಸಿದ್ರಾ ರುಸಿಲಾ ಅಪ್ಪ? ಗಿರಾಕಿ ನೀವೊಬ್ರೇ ಆದ್ರೆ ಸಂಬ್ಳ ಹುಟ್ಟಲ್ಲ,” ಎಂದು ನಗುತ್ತಲೇ ಬೆರಳು ಚಾಚಿದಳು.

ಹದಿನೈದು ನಿಮಿಷಕ್ಕೆ ಎರಡು ಗೆರೆ ಮೂಡಿದವು.

ಆ ಫಾರಮ್ಮಿನ ಚೀಟಿ ಚಿಕಿತ್ಸೆ ಕೊಡುವ ಕಡೆಗೆ ಹೋಯಿತು, ಚೌಕವೂ ಅದರ ಜೊತೆ ಹೋಯಿತು. ಅಲ್ಲಿ ಗುಂಪಿಗೊಂದು ಬೆಂಚು. ಚೀಟಿ ನೋಡಿದ ಹುಡುಗಿ ಇವಳನ್ನು ಬೀದಿಯಲ್ಲಿ ನಿಲ್ಲುವ ಹೆಂಗಸರ ಪಕ್ಕಕ್ಕೆ ಕಳಿಸಿದಳು. “ಬಾ ಅಕ್ಕ, ಯಾವ ಕಡೆ ನಿಲ್ತೀಯ ನೀನು?” ಎಂದು ಅವರು ಪ್ರೀತಿಯಿಂದಲೇ ಜಾಗ ಬಿಟ್ಟರಂತೆ. ನಮ್ಮ ಚರ್ಚಿನಲ್ಲಿ ಹಾಡುವ ಸೆರೆಯಾನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳಂತೆ. ಅಲ್ಲಿಂದೀಚೆಗೆ ಮಿಲಿಕಾ ಚರ್ಚಿಗೆ ಹೋಗಿಲ್ಲ.

“ಆ ಮಾತ್ರೆ ನುಂಗಿದ್ರೆ ಆ ಹೆಸ್ರನ್ನೂ ಒಪ್ಕೊಂಡಂಗೆ. ಒಲ್ಲೆ,” ಅನ್ನುತ್ತಾಳೆ.

ತಿದ್ದಿಕೊಡಿ ಎಂದು ಲೈಸಾಳನ್ನು ಮೂರು ಸಲ ಬೇಡಿದೆ. “ಮೇಲಕ್ಕೆ ಹೋಗಿಬಿಟ್ಟಿದೆ ತಾತ, ಆಗಲ್ಲ,” ಅಂದಳು. ಸಾಕಾಗಿದೆ ಭಾವ. ತಮಾಷೆ ಮಾಡಲು ಹೋದರೆ ದವಡೆ ನೋಯುತ್ತದೆ.

ಮುಂದಿನ ಹಡಗಿಗೆ ಅವಳನ್ನು ಕರೆದುಕೊಂಡು ಬರುತ್ತೇನೆ. ನಮ್ಮ ಹಿರಿಯರು ಕ್ಷಮೆ ಕೇಳುತ್ತಿದ್ದ ಹಾಗೆ ತಿಮಿಂಗಿಲದ ಹಲ್ಲು ಹಿಡಿದು, ನಿಮ್ಮ ಮನೆಯವರೆಲ್ಲರ ಮುಂದೆ ಕೂತು ತಪ್ಪೊಪ್ಪಿಕೊಳ್ಳುತ್ತೇನೆ. ನೀನು ಅದನ್ನು ಕೈಗೆ ತೆಗೆದುಕೊಂಡರೆ ಕ್ಷಮಿಸಿದ ಹಾಗೆ, ಅವಳ ಹೆಸರು ಶುದ್ಧವಾಯಿತು. ಆಮೇಲಾದರೂ ಮಾತ್ರೆ ನುಂಗಿಯಾಳು.

ನಿನ್ನ ಮೊಮ್ಮಕ್ಕಳನ್ನು ದೇವರು ಚೆನ್ನಾಗಿಟ್ಟಿರಲಿ, ನಿನ್ನ ಮಂಡಿಯನ್ನೂ.

ನಿನ್ನ
ಸಕೇಯಾಸಿ

ವಿ.ಸೂ.: ಅವತ್ತು ಒಬ್ಬರೂ ಕಮ್ಮಿ ಇರಲಿಲ್ಲ. ಬೆಳಿಗ್ಗೆಯೇ ಮೂವತ್ತೂ ಮುಗಿದಿತ್ತು. ಹೋದ ವರ್ಷ ವ್ಯಾನಿನಲ್ಲಿ ಒಬ್ಬನೇ ಕೂತು ನನ್ನ ಬೆರಳು ಚುಚ್ಚಿಕೊಂಡಿದ್ದೆ, ಎರಡು ಗೆರೆ ಮೂಡಿದ್ದವು. ಮೀನಿನ ಹಡಗಿನಲ್ಲಿ ದುಡಿದ ವರ್ಷಗಳು, ಆ ಬಂದರುಗಳು, ನಿನಗೆ ಬಿಡಿಸಿ ಹೇಳಬೇಕಿಲ್ಲ. ಹೋದ ವರ್ಷದಿಂದಲೇ ದಿನಾ ಮಾತ್ರೆ ನುಂಗುತ್ತಿದ್ದೇನೆ, ಅವಳಿಗೆ ಕಾಣದಂತೆ. ಅವಳ ರಕ್ತ ನೋಡಲು ತಮಾಷೆ ಬಿಟ್ಟು ಬೇರೆ ದಾರಿ ನನಗೆ ಹೊಳೆಯಲಿಲ್ಲ. ನನ್ನದು ಒಂದೇ ಗೆರೆ ಎಂದು ಅವಳಿಗೆ ಸುಳ್ಳು ಹೇಳಿದ್ದೇನೆ. ಮಗಳು ರುಸಿಲಾ ಹುಟ್ಟಿದಾಗ ತನಗೆ ಏರಿಸಿದ ರಕ್ತದಿಂದ ಬಂದಿರಬೇಕು ಅಂದುಕೊಂಡಿದ್ದಾಳೆ. ನಿನ್ನ ಮುಂದೆಯೇ ಅವಳಿಗೆ ನಿಜ ಹೇಳುತ್ತೇನೆ. ಆಗ ಹಲ್ಲು ಮುಟ್ಟುವುದು ಬೇಡ ಅನ್ನಿಸಿದರೆ ಮುಟ್ಟಬೇಡ, ಅವಳನ್ನು ಅಲ್ಲೇ ಇಟ್ಟುಕೋ. ದಿನಕ್ಕೊಂದು ಮಾತ್ರೆ ಭಾವ, ಊಟವಾದ ಮೇಲೆ.