ಎಡಗಡೆಯ ಬೆಳಕು

ಮಾರ್ಚ್ ೧೨, ಗುರುವಾರ

ಇವತ್ತಿನ ಚಿತ್ರಗಳು ತುಂಬ ಚೆನ್ನಾಗಿ ಬಂದಿವೆ. ತಲೆ ಕೊರೆಯುತ್ತಿರುವುದೇ ಅದು.

ಕಡಲಡಿಯಲ್ಲಿ ಚಿತ್ರ ತೆಗೆಯುವಾಗ ನನ್ನ ಕ್ಯಾಮೆರಾಕ್ಕೆ ನಾನು ದೀಪ ಕಟ್ಟುವುದಿಲ್ಲ. ಎದುರು ಬೆಳಕಿಗೆ ಹವಳದ ಏರುತಗ್ಗೆಲ್ಲ ಸಪಾಟಾಗಿಬಿಡುತ್ತದೆ. ಅದಕ್ಕೇ ಭಾವ ಎಡಗಡೆಯಿಂದ ದೀಪ ಹಿಡಿಯುತ್ತಾರೆ. ನಾನು ಕ್ಯಾಮೆರಾದಿಂದ ಕಣ್ಣು ಕೀಳದೆ ಬೆರಳಲ್ಲೇ ಸನ್ನೆ ಮಾಡುತ್ತೇನೆ. "ನಾನು ಹತ್ತು ಸಲ ಕೂಗಿದ್ರೂ ಏಳಲ್ಲ, ನಿನ್ನ ಬೆರಳಿಗೆ ಕುಣೀತಾರೆ" ಅಂತ ಅಕ್ಕನ ಗೊಣಗು.

ಬಂಡೆಯಡಿಯ ಕತ್ತಲಲ್ಲಿ ಇವತ್ತು ಸಿಕ್ಕಿದ್ದು ಮಿದುಳಿನಂತೆ ಸುರುಳಿ ಸುತ್ತಿದ ಹವಳ. ಉಗುರಿನಷ್ಟು ಜಾಗ ಈಗ ಕಂಪ್ಯೂಟರ್ ತೆರೆಯ ತುಂಬ ಕಣಿವೆಗಳಾಗಿ ಹರಡಿದೆ. ಪ್ರತಿ ದಿಣ್ಣೆಯ ನೆರಳೂ ಬಲಕ್ಕೆ ಬಿದ್ದಿದೆ. ಸ್ವಲ್ಪ ಕೆಳಗೆ ಅಂತ ಬೆರಳು ಮಡಿಸಿದಾಗ ಬೆಳಕು ಕೆಳಗಿಳಿದಿತ್ತು. ಭಾವ ಎಂದೂ ದೀಪವನ್ನು ಅಷ್ಟು ಅಲುಗದಂತೆ ಹಿಡಿದವರಲ್ಲ.

ಮೇಲೆ ಬಂದಾಗ ಅವರು ದೋಣಿಯಲ್ಲಿದ್ದರು. ನನಗಿಂತ ಒಂದು ಗಳಿಗೆ ಮೊದಲು ಹತ್ತಿರಬೇಕು ಅಂದುಕೊಂಡೆ. ರಾತ್ರಿ ಊಟದಲ್ಲಿ ಹೊಗಳಿದರೆ, ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು.

"ತಮಾಷೆ ಮಾಡ್ತೀಯಾ? ಇಳೀತಿದ್ದ ಹಾಗೇ ಕಿವಿ ಸಿಡಿಯೋಕೆ ಶುರುವಾಯ್ತು. ದೀಪ ತಗೊಂಡು ವಾಪಸ್ ದೋಣಿ ಹತ್ತಿದೆ. ನಿಂಗೆ ಕೈ ಬೀಸಿದ್ನಲ್ಲ, ನೋಡ್ಲಿಲ್ವಾ?"

ನೋಡಿರಲಿಲ್ಲ.

ಸಾಕು, ಹೋಗೋಣ ಅನ್ನುವುದಕ್ಕೆ ಭಾವ ನನ್ನ ಭುಜವನ್ನು ಎರಡು ಸಲ ಒತ್ತುವುದು ವಾಡಿಕೆ. ಇವತ್ತೂ ಒಂದು ಕೈ ಹಾಗೇ ಒತ್ತಿತು. ನಾನು ಎಂದಿನಂತೆ ತಿರುಗಿ ನೋಡದೆ ಆ ಕೈಯನ್ನು ತಟ್ಟಿದೆ. ಬೆರಳಿಗೆ ಸಿಕ್ಕಿದ್ದು ಬರೀ ದಿಣ್ಣೆ, ಕಣಿವೆ, ಸುರುಳಿ. ಪಾಪ, ನೀರಲ್ಲಿ ನೆನೆದು ಸುಕ್ಕಾಗಿದೆ ಅಂದುಕೊಂಡೆ.