ಕೆಂಪು ಬೋರಿಂಗಿನ ನೀರು

ಫೆಬ್ರವರಿ 12, 2008, ಮಂಗಳವಾರ

ಮತ್ತೆ ಕೊಟ್ಟೂರಿನಿಂದ ಬೆಳಗಿನ ಬಸ್ಸು, ನೀರಿನ ಸರ್ವೆ ಪ್ರಾಜೆಕ್ಟಿಗಾಗಿ ಮತ್ತೆ ಕೂಡ್ಲಿಗಿ ಕಡೆಯ ಅದೇ ಹಳ್ಳಿ. ಊರಮ್ಮನ ಗುಡಿ ಮುಂದಿನ ಬೋರಿಂಗಿಗೆ ಇವತ್ತು ಕೆಂಪು ಬಣ್ಣ ಬಳಿಸಿದೆ. ಅದರಲ್ಲಿ ಫ್ಲೋರೈಡ್ ವಿಪರೀತ — ಮೊದಲು ಹಲ್ಲು ಕೆಡುತ್ತೆ, ವರ್ಷಗಟ್ಟಲೆ ಕುಡಿದರೆ ಮೂಳೆ ಬಿಗಿಯುತ್ತೆ. ಕೆಂಪೆಂದರೆ ಕುಡಿಯಬೇಡಿ ಅಂತ. ಶಾಲೆ ಹತ್ತಿರದ್ದು ಒಳ್ಳೆಯ ನೀರು, ಅದಕ್ಕೆ ಬಣ್ಣವೇ ಬೇಡ ಎಂದೆ. ಭಾರಿ ಬುದ್ಧಿವಂತೆ.

ಸಂಜೆ ಅಪ್ಪ ಅಂಗಡಿಯಲ್ಲಿ ಯಾರಿಗೋ ಹೇಳುತ್ತಿದ್ದರು — ಸುಕನ್ಯಾ ಚೆನ್ನೈಯಲ್ಲಿ ಪಬ್ಲಿಕ್ ಹೆಲ್ತ್ ಓದಿ ಬಂದಿದ್ದಾಳೆ, ಡಾಕ್ಟರಲ್ಲ, ನರ್ಸೂ ಅಲ್ಲ... ಅಲ್ಲಿಗೇ ನಿಲ್ಲಿಸಿದರು. ಪಾಪ, ಮುಂದೆ ಏನನ್ನಬೇಕೋ ನನಗೂ ಗೊತ್ತಿಲ್ಲ.

ಫೆಬ್ರವರಿ 29, ಶುಕ್ರವಾರ

ಅಯ್ಯೋ ಶಿವನೇ. ಕೆಂಪು ಬೋರಿಂಗಿಗೆ ಅರಿಶಿನ, ಕುಂಕುಮ, ಹಸಿರು ಬಳೆ. ಉಡಿ ಬೇರೆ ತುಂಬಿದ್ದಾರೆ. ಕೊಡಗಳ ಸಾಲು ಗುಡಿ ದಾಟಿದೆ. ಶಾಲೆ ಬೋರಿಂಗಿನ ಹತ್ತಿರ ಒಂದು ನಾಯಿ ಮಲಗಿತ್ತು, ಅಷ್ಟೇ.

ಸರ್ವೆಗೆ ಹೋದಾಗಲೆಲ್ಲ ಚಹಾ ಕೊಡುವ ಬೊಮ್ಮಮ್ಮ ಖುಷಿಯಿಂದ ಕೊಡ ತೋರಿಸಿದಳು. "ತಾಯಿ ಬಣ್ಣ ಹಚ್ಚಿಸಿದ್ರಿ ನೋಡ್ರಿ, ಈಗ ಊರೆಲ್ಲಾ ಇದಾ ನೀರು."

ಗಂಟಲು ಬೀಳುವವರೆಗೆ ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು. ಆಮೇಲೆ ಬೊಮ್ಮಮ್ಮನ ಅತ್ತೆ ನಾಗಲಿಂಗಮ್ಮ, ಸೊಂಟ ಹಿಡಿದುಕೊಂಡು, ಮೆಲ್ಲಗೆ: "ಡಾಕ್ಟ್ರು ಹೇಳಿದ್ರ ಬಿಡ್ತೀವ್ರಿ. ನೀವು ಡಾಕ್ಟ್ರಲ್ಲಂತಲ್ಲ?"

ಮಾರ್ಚ್ 3

ಡಾಕ್ಟರೊಬ್ಬರಿಗೆ ಫೋನ್ ಮಾಡಿದೆ, ಬಂದು ಒಂದು ಮಾತು ಹೇಳಿ ಅಂತ. ನೀರು ತಮ್ಮ ಇಲಾಖೆಯದಲ್ಲವಂತೆ. ನೀರಿನವರನ್ನು ಕೇಳಿದರೆ, ಆರೋಗ್ಯ ತಮ್ಮದಲ್ಲವಂತೆ. ಎರಡನ್ನೂ ಸೇರಿಸಿ ಓದಿದವಳು ನಾನು. ನನಗೆ ಇಲಾಖೆಯೇ ಇಲ್ಲ.

ಮಾರ್ಚ್ 31

ಪ್ರಾಜೆಕ್ಟ್ ಇವತ್ತಿಗೆ ಮುಗಿಯಿತು. ಕೊನೆಗೊಮ್ಮೆ ಕೆಂಪು ಅಳಿಸೋಣವೆಂದು ಹೋದೆ. ತಾಯಿಯನ್ನು ಒರೆಸುತ್ತೀರೇನು ಎಂದು ಹೆಂಗಸರು ಅಡ್ಡ ನಿಂತರು. ಬ್ರಷ್ ಹಿಡಿದು ವಾಪಸ್ ಬಸ್ಸಿಗೆ.

ಜಿಲ್ಲಾ ಆರೋಗ್ಯ ಕಚೇರಿಯ ಕೆಲಸಕ್ಕೆ ಅರ್ಜಿ ಹಾಕಿದ್ದೇನೆ. ಅದೊಂದು ಸಿಕ್ಕರೆ ಆ ಬೋರಿಂಗನ್ನೇ ಮುಚ್ಚಿಸಬಹುದು...

ಮೇ 9

ಇಂಟರ್‌ವ್ಯೂ. ಎಂ.ಬಿ.ಬಿ.ಎಸ್. ಇದೆಯಾ? ಇಲ್ಲ. ಮುಗಿಯಿತು. ಬಳ್ಳಾರಿಯಿಂದ ದಾರಿಯುದ್ದಕ್ಕೂ ಅಳು.

ನವೆಂಬರ್ 24, ದಾವಣಗೆರೆ

ಖಾಸಗಿ ಆಸ್ಪತ್ರೆಯ ರಿಸೆಪ್ಷನ್. ನೀಲಿ ಸೀರೆ, ಕೊರಳಿಗೆ ಬ್ಯಾಡ್ಜ್, ಟೋಕನ್ ಕೊಡುವ ಕೆಲಸ. ರೋಗಿಗೆ ಸಲಹೆ ಕೊಟ್ಟೆನೆಂದು ಹೋದ ವಾರ ಮ್ಯಾನೇಜರ್ ಬೈದಿದ್ದಾರೆ.

ಇವತ್ತು ಬೊಮ್ಮಮ್ಮ ಬಂದಳು. ನಾಗಲಿಂಗಮ್ಮನನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ. ವರ್ಷಗಳಿಂದ ಗುಡಿ ಬೋರಿಂಗಿನ ನೀರನ್ನೇ ಕುಡಿದ ಅಜ್ಜಿಯ ಸೊಂಟ ಈಗ ಪೂರ್ತಿ ಹಿಡಿದಿದೆ, ಕತ್ತು ತಿರುಗುವುದಿಲ್ಲ. ಕೈಚೀಲದಲ್ಲಿ ಬಾಟಲಿ ತುಂಬ ಕೆಂಪು ಬೋರಿಂಗಿನ ನೀರು — ಬೇರೆ ನೀರು ಒಗ್ಗುವುದಿಲ್ಲವಂತೆ. ಕಸಿದು ಚೆಲ್ಲಬೇಕೆನಿಸಿತು. ಆ ನೀರಿನ ವಿಷಯ ತಪ್ಪದೆ ಡಾಕ್ಟರಿಗೆ ಹೇಳು ಎಂದು ಪಿಸುಗುಟ್ಟಿ ಒಳಗೆ ಕಳಿಸಿದೆ.

ಹೊರಬಂದಾಗ ಬೊಮ್ಮಮ್ಮನ ಮುಖ ಅರಳಿತ್ತು.

"ನೀರು ಜಾಸ್ತಿ ಕುಡಸ್ರಿ ಅಂದಾರ್ರಿ ಡಾಕ್ಟ್ರು. ಸುಮ್ನ ಹೆದರಿಸಿದ್ರಲ್ಲ, ಅಕ್ಕಾರ."

ಯಾವ ನೀರು ಅಂತ ಕೇಳಿದರಾ ಎಂದು ಕೂಗಿದೆ. ಮ್ಯಾನೇಜರ್ ತಿರುಗಿ ನೋಡಿದರು. ಕೌಂಟರ್ ಮುಂದೆ ಟೋಕನ್‌ಗೆ ಕೈಗಳು. ಬಾಗಿಲ ಹತ್ತಿರ ಬೊಮ್ಮಮ್ಮ ಅತ್ತೆಯನ್ನು ಕೂರಿಸಿ, ಬಾಟಲಿ ಮುಚ್ಚಳ ತೆಗೆದು ಬಾಯಿಗೆ ಹಿಡಿದಳು. ನಾನು ಎದ್ದು ಕೌಂಟರ್ ದಾಟುವಷ್ಟರಲ್ಲಿ ಅಜ್ಜಿ ಅರ್ಧ ಬಾಟಲಿ ಕುಡಿದಾಗಿತ್ತು.