ಅಂಚಿನ ಐದು ಮಿಲಿಮೀಟರ್

ಮಂಗಳವಾರ, ಬೆಳಿಗ್ಗೆ ಆರೂವರೆ
ಅಡುಗೆಮನೆಯ ಮೇಜು

ನಮ್ಮ ಕಾರ್ ಸ್ಟುಡಿಯೋದವರು ಗಾಳಿ ಮೇಡಂ ಎಂದು ಕರೆಯುವ ನನ್ನ ಮಗಳಿಗೆ,

ಅಮ್ಮನ ಆಶೀರ್ವಾದ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪನ ಮಂಡಿನೋವು ಮೊದಲಿನಷ್ಟೇ ಇದೆ, ಅದರ ಬಗ್ಗೆ ಅವರ ಮಾತು ಮಾತ್ರ ಹೆಚ್ಚಾಗಿದೆ.

ಈ ಕಾಗದ ತಂದುಕೊಡುವವನು ನಮ್ಮ ಟೆಸ್ಟ್ ಡ್ರೈವರ್. ಜೊತೆಗೆ ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟು ಕೊಡುತ್ತಾನೆ. ಮೊದಲು ಕಾಗದ ಓದು, ಕಟ್ಟು ಆಮೇಲೆ ಬಿಚ್ಚು. ಫೋನ್‌ನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀ. ಫೋನ್‌ನಲ್ಲಾದರೆ ನೀನು ಮಧ್ಯೆ ಬಾಯಿ ಹಾಕುತ್ತೀ, ನಾನು ಅದನ್ನೇ ನೆಪ ಮಾಡಿಕೊಂಡು ಅರ್ಧಕ್ಕೆ ನಿಲ್ಲಿಸಿಬಿಡುತ್ತೇನೆ.

ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಕಾರಿನ ಬೆನ್ನ ಮೇಲೆ ಹರಿದು ಬಂದ ಗಾಳಿಗೆ ಕಾರು ಇಲ್ಲಿಗೆ ಮುಗಿಯಿತು ಎಂಬುದು ಹೇಗೆ ತಿಳಿಯುತ್ತದೆ? ಅಂಚು ಚೂಪಾಗಿದ್ದರೆ ಅಲ್ಲೇ ಕೈಬಿಟ್ಟು ಮುಂದೆ ಹೋಗುತ್ತದೆ. ಅದೇ ಅಂಚು ಕೊಂಚ ದುಂಡಗಿದ್ದರೆ, ಹೊಸಿಲಲ್ಲಿ ನಿಂತು ಮಾತು ಮುಗಿಸಲಾರದ ನೆಂಟರ ಹಾಗೆ ಅಂಟಿಕೊಂಡು ಕೆಳಗಿಳಿಯುತ್ತದೆ. ಯಾಕೆ ಹಾಗೆ? ಇಪ್ಪತ್ತಾರು ವರ್ಷ ಮಣ್ಣಿನ ಮಾದರಿಗಳಲ್ಲಿ ಕಾರುಗಳ ಮೈ ತಿದ್ದಿದವಳಿಗೆ ಈ ಪ್ರಶ್ನೆ ಹುಟ್ಟಿದ್ದು ಮೊನ್ನೆ ಭಾನುವಾರ. ನಗಬೇಡ.

ಭಾನುವಾರ ನೀನು ಅಪ್ಪನ ಜೊತೆ ಮಾತಾಡುವಾಗ ಫೋನ್ ಅವರ ಹೊಲಿಗೆ ಮೆಷಿನ್ ಮೇಲೆ ಸ್ಪೀಕರಿನಲ್ಲಿತ್ತು. ನಾನು ಅಲ್ಲೇ ಕೂತು ಬೀನ್ಸಿನ ನಾರು ಬಿಡಿಸುತ್ತಿದ್ದೆ. ಗಾಳಿ ಸುರಂಗದಲ್ಲಿ ಪುಟ್ಟ ಮಾದರಿ ತೋರಿಸಿದ್ದಕ್ಕೂ ಟ್ರ್ಯಾಕಿನಲ್ಲಿ ಕಾರು ತೋರಿಸಿದ್ದಕ್ಕೂ ತಾಳೆಯಾಗುತ್ತಿಲ್ಲ, ಹಿಂದಿನ ಚಕ್ರಗಳನ್ನು ಒತ್ತಿ ಹಿಡಿಯಬೇಕಾದ ಗಾಳಿಯ ಭಾರ ಇಪ್ಪತ್ತಮೂರು ಕಿಲೋ ಕಡಿಮೆ ಬಂದಿದೆ ಎಂದು ನೀನು ಹೇಳಿದ್ದು ಕೇಳಿಸಿತು. "ಹನ್ನೊಂದು ಸಲ ಲೆಕ್ಕ ಹಾಕಿದೆ ಅಪ್ಪಾ, ತಪ್ಪು ಎಲ್ಲಿದೆ ಅಂತಾನೇ ಸಿಗ್ತಿಲ್ಲ. ಗುರುವಾರದ ಮೀಟಿಂಗಲ್ಲಿ ತಪ್ಪು ನಂದೇ ಅಂತ ಒಪ್ಕೊಂಡು ಕೆಲಸ ಬಿಟ್ಬಿಡ್ತೀನಿ. ನಂಗೆ ಈ ವಿದ್ಯೆ ಒಗ್ಗಲ್ಲ" ಎಂದೆ. ಅಪ್ಪ, "ಒಂದು ಕೋಟು ಕೆಟ್ಟಿತು ಅಂತ ಯಾರಾದ್ರೂ ಕತ್ತರೀನ ಬಾವಿಗೆ ಹಾಕ್ತಾರೇನೇ?" ಎಂದರು. ನಾನು ಬೀನ್ಸಿನ ನಾರನ್ನು ಪಾತ್ರೆಗೂ ಕಾಯನ್ನು ಕಸದ ಬುಟ್ಟಿಗೂ ಹಾಕುತ್ತಿದ್ದೇನೆಂದು ಅಪ್ಪ ತೋರಿಸಿದ ಮೇಲೆ ಗೊತ್ತಾಯಿತು.

ನಿನ್ನ ಲೆಕ್ಕದಲ್ಲಿ ತಪ್ಪಿಲ್ಲ. ತಪ್ಪು ನನ್ನ ಮಣ್ಣಿನಲ್ಲಿದೆ.

ನೀನು ಕೇಳಿದ್ದು ನನಗೆ ಸರಿಯಾಗಿ ನೆನಪಿದೆ. ಹಿಂದಿನ ಅಂಚನ್ನು ಒಂದು ದೀಪದಿಂದ ಇನ್ನೊಂದು ದೀಪದವರೆಗೆ ಉದ್ದಕ್ಕೂ ಹನ್ನೆರಡು ಮಿಲಿಮೀಟರ್ ಎತ್ತಬೇಕು, ತುದಿ ಚೂಪಾಗಿರಬೇಕು. ನಾನು ಮಧ್ಯದಲ್ಲಿ ಹನ್ನೆರಡು ಎತ್ತಿದೆ. ಎರಡೂ ಪಕ್ಕಕ್ಕೆ ಹೋಗುತ್ತಾ ಹೋಗುತ್ತಾ ತಗ್ಗಿಸಿ, ದೀಪದ ಹತ್ತಿರ ಏಳಕ್ಕೆ ತಂದೆ. ಕೊನೆಗೆ ಹೆಬ್ಬೆರಳಿನಿಂದ ಒಂದು ಸಲ ಸವರಿ ಪಕ್ಕದ ಚೂಪನ್ನೂ ತೆಗೆದೆ. ನಿನ್ನ ಸುರಂಗದ ಮಾದರಿ ನಿನ್ನ ಕಂಪ್ಯೂಟರಿನ ಚಿತ್ರದಿಂದ ಆದದ್ದು. ಟ್ರ್ಯಾಕಿನಲ್ಲಿ ಓಡಿದ ಕಾರಿನ ಮೈ ನನ್ನ ಮಣ್ಣನ್ನು ಸ್ಕ್ಯಾನ್ ಮಾಡಿ ಆದದ್ದು. ಎರಡೂ ಒಂದೇ ಎಂದು ಎಲ್ಲರೂ ನಂಬಿದ್ದರು. ಅಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ. ನೀನು ಹನ್ನೊಂದು ಸಲ ಹುಡುಕಿದರೂ ಸಿಗದಿದ್ದದ್ದು ಅದಕ್ಕೇ.

ಯಾಕೆ ಮಾಡಿದೆ ಎಂದು ಕೇಳಿದರೆ ಚೆಂದಕ್ಕೆ ಎನ್ನಬೇಕು. ಆ ಕಾರಿನ ಬೆನ್ನಿನ ಗೆರೆಗೆ ಹದಿನಾಲ್ಕು ವಾರ ಕೊಟ್ಟಿದ್ದೆ. ಬಾಗಿಲ ಹಿಂದೆ ಶುರುವಾಗಿ, ಹಿಂದಿನ ಚಕ್ರದ ಮೇಲೆ ಉಬ್ಬಿ, ಮಲಗಿದ ಬೆಕ್ಕಿನ ಸೊಂಟದ ಹಾಗೆ ಇಳಿಯುವ ಗೆರೆ ಅದು. ಕಣ್ಣು ಮುಚ್ಚಿಕೊಂಡು ಅಂಗೈ ಎಳೆದರೆ ಎಲ್ಲೂ ತಡೆಯುತ್ತಿರಲಿಲ್ಲ. ಅದರ ಮೇಲೆ ನಿನ್ನ ನೇರವಾದ ಅಂಚು ಕೂತಾಗ ಬೆಕ್ಕಿನ ಬೆನ್ನಿಗೆ ಯಾರೋ ಹಲಗೆ ಕಟ್ಟಿದ ಹಾಗೆ ಕಂಡಿತು. ವರ್ಷಕ್ಕೆ ನೂರು ಜನ ಕೊಳ್ಳುವ ಕಾರು. ನಮ್ಮ ಬೀದಿಯ ತಿರುವಿನಲ್ಲಿ ಅದು ತಿರುಗುವುದೂ ಇಲ್ಲ. ಆದರೂ ಕೊಂಡವರು ಗ್ಯಾರೇಜಿನಲ್ಲಿ ನಿಲ್ಲಿಸಿ, ನಾಲ್ಕು ಹೆಜ್ಜೆ ನಡೆದು, ಒಮ್ಮೆ ತಿರುಗಿ ನೋಡುತ್ತಾರಲ್ಲ, ಆ ನೋಟಕ್ಕೆ ನಾನು ಮಣ್ಣು ಮೆತ್ತುತ್ತೇನೆ.

ಇದಿಷ್ಟೇ ಕಾರಣ ಅಂದುಕೊಂಡಿದ್ದೆ. ಇನ್ನೊಂದೂ ಇದೆ. ಎರಡೂವರೆ ತಿಂಗಳ ಹಿಂದೆ ನೀನು ಮೊದಲ ಸಲ ಬಂದು ನನ್ನ ಗೆರೆಯ ಮುಂದೆ ನಿಂತು, "ಇದು ಆಸೆಯ ಅಂಚು, ಗಾಳಿಯ ಅಂಚಲ್ಲ" ಎಂದೆ. ಸೀಟಿನ ಚರ್ಮ ಹೊಲಿಯುವವರೂ ನಕ್ಕರು. ಸ್ಟುಡಿಯೋ ಮುಖ್ಯಸ್ಥರು, "ಮಣ್ಣಮ್ಮಾ, ಮಗಳ ಕೈಲಿ ಬೈಸಿಕೊಳ್ಳೋ ಭಾಗ್ಯ ಎಲ್ರಿಗೂ ಬರಲ್ಲ" ಎಂದರು. ನಾನೂ ನಕ್ಕೆ. ಮನೆಗೆ ಬಂದು ಅಪ್ಪನಿಗೆ ನಿನ್ನ ಮಾತನ್ನು ಹೆಮ್ಮೆಯಿಂದಲೇ ಹೇಳಿದೆ. ಆದರೆ ಮರುದಿನ ಕೆರೆಯುವ ಉಳಿ ಕೈಗೆ ತಗೊಂಡಾಗ ಹೆಮ್ಮೆ ಎಲ್ಲಿ ಹೋಗಿತ್ತೋ.

ಭಾನುವಾರ ನಿನ್ನ ಫೋನ್ ಮುಗಿದ ಮೇಲೆ ಏನು ಮಾಡಿದೆ ಕೇಳು. ಮನೆಯಲ್ಲಿದ್ದ ಹಳೇ ಮಣ್ಣನ್ನು ಬಿಸಿ ಮಾಡಿ, ಮೊಳದುದ್ದದ ಒಂದು ಕಾರು ಮಾಡಿದೆ. ನನ್ನ ಅಂಚನ್ನೇ ಇಟ್ಟೆ, ಮಧ್ಯ ಎತ್ತರ, ಪಕ್ಕ ತಗ್ಗು. ಅಪ್ಪನ ಡಬ್ಬಿಯಿಂದ ಕೆಂಪು ನೂಲು ತೆಗೆದು ಬೆರಳ ಗೆಣ್ಣಿನಷ್ಟುದ್ದಕ್ಕೆ ಕತ್ತರಿಸಿ, ಬಾಲದ ತುಂಬ ಅಂಟಿಸಿದೆ. ನೀವು ಸುರಂಗದಲ್ಲಿ ಹೀಗೇ ಮಾಡುತ್ತೀರಿ ಎಂದು ನೀನೇ ಒಮ್ಮೆ ಹೇಳಿದ್ದೆ. ಆಮೇಲೆ ಮುಂದೆ ಟೇಬಲ್ ಫ್ಯಾನ್ ಇಟ್ಟೆ. ಅಪ್ಪ ಬಂದು, "ಕಾರಿಗೆ ಸೆಕೆ ಆಗ್ತಿದೆಯಾ?" ಎಂದರು.

ಟೇಬಲ್ ಫ್ಯಾನ್ ಗಾಳಿ ಸುರಂಗವಲ್ಲ, ಮೊಳದುದ್ದದ ಮಣ್ಣು ಕಾರಲ್ಲ, ಇದರಿಂದ ಏನೂ ಸಾಬೀತಾಗುವುದಿಲ್ಲ ಎಂದು ನೀನು ಹೇಳುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಇರಲಿ, ನಾನು ಕಂಡದ್ದು ಹೇಳುತ್ತೇನೆ. ಮಧ್ಯದ ನೂಲುಗಳು ಬಾಚಿದ ಕೂದಲಿನ ಹಾಗೆ ಹಿಂದಕ್ಕೆ ಮಲಗಿದ್ದವು. ಪಕ್ಕದವು ನಡುಗಿದವು, ಸುತ್ತಿದವು, ಎರಡು ನೂಲಂತೂ ತಿರುಗಿ ಮುಂದಕ್ಕೇ ನೋಡಿದವು. ಗಾಳಿ ಬರುವ ದಿಕ್ಕಿಗೇ ನೂಲು ಮುಖ ಮಾಡುವುದು ಹೇಗೆ? ಇದಕ್ಕೂ ಉತ್ತರ ಬೇಕು ನನಗೆ. ಒಂದು ಗಂಟೆ ಅದರ ಮುಂದೆ ಕೂತಿದ್ದೆ. ಎದ್ದು ಹೋಗಲು ಮನಸ್ಸೇ ಬರಲಿಲ್ಲ. ಅಪ್ಪನಿಗೆ ಆಗ ನಡೆದದ್ದೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಹೇಳಿದರು: "ಎದೆ ಅಳತೆ ಸರಿಯಿದೆ ಅಂತ ತೋಳು ಗಿಡ್ಡ ಹೊಲಿದು ಕೊಟ್ಟಿದೀಯ. ಹಾಕ್ಕೊಂಡವರಿಗೆ ಗೊತ್ತಾಗಲ್ವಾ?"

ಹಾಕಿಕೊಂಡವನನ್ನು ನಿನ್ನೆ ಬೆಳಿಗ್ಗೆ ಕೇಳಿದೆ. ಡ್ರೈವರ್ ಕಂಪನಿ ವ್ಯಾನಿನಲ್ಲಿ ನನ್ನನ್ನು ಕರೆದುಕೊಂಡು ಹೋಗುತ್ತಿದ್ದ. ಟ್ರ್ಯಾಕಿನಲ್ಲಿ ಹೇಗಿತ್ತು ಎಂದಾಗ, "ನೇರ ಹೋಗೋವಾಗ ಏನಿಲ್ಲ ಅಕ್ಕ. ಉದ್ದನೆ ತಿರುವಲ್ಲಿ ಹಿಂದಿನಿಂದ ಯಾರೋ ಮೆತ್ತಗೆ ಕಾಲರ್ ಹಿಡಿದು ಎತ್ತಿದ ಹಾಗಾಗುತ್ತೆ. ಹೆದರಿಸೋ ಅಷ್ಟೇನಲ್ಲ, ನೆನಪಿಸೋ ಅಷ್ಟು" ಎಂದ. ಅವನು ಅದನ್ನು ತಮಾಷೆಯಾಗಿಯೇ ಹೇಳಿದ್ದು.

ನಾನು ಕಿಟಕಿ ಇಳಿಸಿ ಕೈ ಹೊರಗೆ ಚಾಚಿದೆ. ಎಂಟು ವರ್ಷದವಳಿದ್ದಾಗ ನೀನು ಬಸ್ಸಿನಲ್ಲಿ ಇದನ್ನೇ ಮಾಡುತ್ತಿದ್ದೆ. ಅಂಗೈಯನ್ನು ಹಾಗೆ ಹೀಗೆ ವಾಲಿಸಿ, "ಅಮ್ಮಾ, ಕೈ ತಾನೇ ಏಳತ್ತೆ ನೋಡು" ಅನ್ನುತ್ತಿದ್ದೆ. ಕೈ ಒಳಗೆ ತಗೋ ಎಂದು ಗದರಿಸಿದ್ದು ಬಿಟ್ಟರೆ ನಾನು ಒಂದು ದಿನವೂ ನೋಡಲಿಲ್ಲ. ನಿನ್ನೆ ನೋಡಿದೆ. ಹೆಬ್ಬೆರಳ ಕಡೆ ಎತ್ತಿದರೆ ಕೈ ಮೇಲಕ್ಕೆ ಹಾರುತ್ತದೆ. ಹಿಂದೆ, ಕಿರುಬೆರಳ ಕಡೆ ಚೂರೇ ಚೂರು ಎತ್ತಿದೆ, ಕೈ ಕೆಳಕ್ಕೆ ಒತ್ತಿತು. ಆ ಚೂರೇ ನಿನ್ನ ಹನ್ನೆರಡು ಮಿಲಿಮೀಟರ್. ನೀನು ಮೂರು ಸಲ ಚಿತ್ರ ಬರೆದು ತೋರಿಸಿದ್ದು ವ್ಯಾನಿನ ಕಿಟಕಿಯಲ್ಲಿ ಅರ್ಥವಾಯಿತು. ಡ್ರೈವರ್, "ಅಕ್ಕಾ, ಹಾರಿ ಹೋಗ್ಬೇಡಿ, ಮುಖ್ಯಸ್ಥರಿಗೆ ಉತ್ತರ ನಾನು ಹೇಳ್ಬೇಕಾಗುತ್ತೆ" ಎಂದ.

ಸ್ಟುಡಿಯೋ ಸೇರಿದವಳೇ ಮುಖ್ಯಸ್ಥರ ಕೋಣೆಗೆ ಹೋಗಿ ಎಲ್ಲ ಹೇಳಿದೆ, ಬರೆದೂ ಕೊಟ್ಟೆ. ಅವರು ಬೈಯುತ್ತಾರೆಂದು ಕಾದೆ. ಅವರು ನನ್ನ ಜೊತೆ ಮಣ್ಣಿನ ಕಾರಿನ ಬಳಿ ಬಂದು, ಅಂಚಿನ ಮೇಲೆ ತಮ್ಮ ಹೆಬ್ಬೆರಳು ಎಳೆದು, ಪಕ್ಕದಲ್ಲಿ ನಿಲ್ಲಿಸಿ, "ಇಷ್ಟೇನಾ?" ಎಂದರು. ಇಷ್ಟೇ ಎಂದೆ. "ಇಷ್ಟಕ್ಕೆ ಒಂದು ಹುಡುಗಿ ನಿದ್ದೆ ಬಿಟ್ಟು ಕೂತಿದಾಳೆ" ಎಂದರು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು. ಈ ಕಾರಿನ ಕೆಲಸದಿಂದ ನನ್ನನ್ನು ಬಿಡಿಸಿದ್ದಾರೆ. ನಿವೃತ್ತಿಗೆ ಉಳಿದಿರುವ ಎಂಟು ತಿಂಗಳು ಬೇರೆಯವರಿಗೆ ಮಣ್ಣು ಬಿಸಿ ಮಾಡಿ ಕೊಡುತ್ತೇನೆ. ಬೇಜಾರಿಲ್ಲ ಎಂದು ಬರೆದರೆ ನೀನು ನಂಬುವುದಿಲ್ಲ, ಹಾಗಾಗಿ ಬರೆಯುವುದಿಲ್ಲ. ಅಂಚನ್ನು ಮಾತ್ರ ನಾನೇ ತಿದ್ದುತ್ತೇನೆ ಎಂದು ಕೇಳಿಕೊಂಡೆ. ಸಂಜೆಯವರೆಗೆ ಸಮಯ ಕೊಟ್ಟರು.

ಐದು ಸೆಂಟಿಮೀಟರಿಗೊಮ್ಮೆ ಗೇಜ್ ಇಟ್ಟು ಅಳೆದು, ಈ ತುದಿಯಿಂದ ಆ ತುದಿಗೆ ಹನ್ನೆರಡು ತಂದೆ. ಚೂಪು ಎಷ್ಟಿದೆ ಎಂದರೆ ತೋರುಬೆರಳು ಸ್ವಲ್ಪ ಕೊಯ್ದುಹೋಯಿತು. ಮಣ್ಣಿನ ಮೇಲೆ ಕಾರಿನ ಬಣ್ಣದ ಹಾಗೆ ಹೊಳೆಯುವ ಬೆಳ್ಳಿ ಹಾಳೆ ಎಳೆದು, ದೀಪ ಹಾಕಿ ದೂರ ನಿಂತು ನೋಡಿದೆ. ಬೆನ್ನಿನ ಮೇಲೆ ಹರಿದು ಬಂದ ಬೆಳಕಿನ ಗೆರೆ ಅಂಚಿನಲ್ಲಿ ಥಟ್ಟನೆ ನಿಂತಿತು. ಮೊದಲು ಅದು ಇಳಿದು ಎಲ್ಲೋ ಕರಗಿಹೋಗುತ್ತಿತ್ತು. ಹೇಳುವುದಕ್ಕೆ ಕಷ್ಟವಾಗುತ್ತಿದೆ: ಚೆನ್ನಾಗಿ ಕಾಣುತ್ತದೆ. ಬೆಕ್ಕಿನ ಬೆನ್ನಿಗೆ ಕಟ್ಟಿದ ಹಲಗೆ ಎಲ್ಲೂ ಕಾಣಲಿಲ್ಲ. ನೆಗೆಯುವ ಮುಂಚೆ ಬೆಕ್ಕು ಒಂದು ಕ್ಷಣ ಬಿಗಿಯಾಗುತ್ತದಲ್ಲ, ಹಾಗಿತ್ತು. ಏಳು ಮಿಲಿಮೀಟರಿಗೆ ಇಳಿಸುವ ಮೊದಲು ಹಾಳೆ ಎಳೆದು ಒಂದೇ ಒಂದು ಸಲ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ಹೆಬ್ಬೆರಳಿಗೆ ಅಷ್ಟು ಅವಸರವಿತ್ತು.

ಹೊಸ ಬಾಲದ ತುಂಡು ಮೂರು ವಾರದಲ್ಲಿ ಕಾರಿಗೆ ಕೂರುತ್ತದಂತೆ. ಆ ಇಪ್ಪತ್ತಮೂರು ಕಿಲೋ ವಾಪಸು ಬಂತೋ ಇಲ್ಲವೋ ನನಗೆ ತಿಳಿಸು. ಅಷ್ಟೂ ನನ್ನ ಐದು ಮಿಲಿಮೀಟರಿನದೇನಾ, ಅಥವಾ ದುಂಡಗೆ ಮಾಡಿದ್ದರ ಪಾಲೂ ಇದೆಯಾ? ಬೇರೆ ಬೇರೆ ಮಾಡಿ ಅಳೆಯಲು ಬರುತ್ತದೆಯೇ? ಗುರುವಾರದ ಮೀಟಿಂಗಿನಲ್ಲಿ ನಿನ್ನ ಲೆಕ್ಕ ತೋರಿಸು. ಕೆಲಸ ಬಿಡುವ ಮಾತು ಎತ್ತಬೇಡ. ನೀನು ಬಿಟ್ಟರೆ ನನ್ನ ಪ್ರಶ್ನೆಗಳನ್ನೆಲ್ಲ ಯಾರ ಹತ್ತಿರ ಕೇಳಲಿ? ಅಪ್ಪನಂತೂ ನೂಲು ವ್ಯರ್ಥವಾಯಿತು ಎಂಬಲ್ಲೇ ಇದ್ದಾರೆ.

ಡ್ರೈವರ್ ಕೆಳಗೆ ಹಾರ್ನ್ ಮಾಡುತ್ತಿದ್ದಾನೆ.

ನಿನ್ನ
ಅಮ್ಮ

ಮರೆತೆ ಎಂದುಕೊಳ್ಳಬೇಡ, ಬೇಕೆಂದೇ ಕೊನೆಗೆ ಉಳಿಸಿಕೊಂಡದ್ದು: ಕಟ್ಟಿನಲ್ಲಿರುವುದು ಎರಡು ಟೆಂಪ್ಲೇಟುಗಳು, ಅಂಚಿನ ಎಡಪಕ್ಕ, ಬಲಪಕ್ಕದ ಆಕಾರಕ್ಕೆ ನೀನೇ ಅಲ್ಯೂಮಿನಿಯಂ ಹಾಳೆಯಲ್ಲಿ ಕತ್ತರಿಸಿ ತಂದವು. ನೀನು ಅಳೆಯಲು ಬಂದ ದಿನ ಸ್ಟುಡಿಯೋದಲ್ಲಿ ನಾವಿಬ್ಬರೇ ಇದ್ದೆವು. ನೀನು ಮಧ್ಯದ್ದನ್ನು ಮಣ್ಣಿಗೆ ಹಿಡಿದು ನೋಡಿದೆ, ಸಂದಿನಲ್ಲಿ ಬೆಳಕು ಹಾಯಲಿಲ್ಲ. ಇವೆರಡನ್ನೂ ಚೀಲದಿಂದ ಅರ್ಧ ತೆಗೆದವಳು ಮತ್ತೆ ಒಳಗಿಟ್ಟು, "ಪಕ್ಕದ್ದು ನಿನ್ನ ಕೈ ಅಮ್ಮ, ನೋಡೋದೇನಿದೆ" ಎಂದು ಹೇಳಿ, ಮೂರೂ ಸರಿಯಿದೆ ಎಂದು ಸಹಿ ಹಾಕಿದೆ. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಮಣ್ಣಿನಲ್ಲಿ ಮಾಡಿದ್ದಕ್ಕಿಂತ ಅದು ದೊಡ್ಡ ತಪ್ಪು. ಆ ಸಂಜೆ ನೀನು ಮನೆಗೆ ಬಂದು ಇವನ್ನು ಬೀರುವಿನ ಹಿಂದೆ ಒರಗಿಸಿ ಮರೆತುಹೋದೆ.

ಮುಖ್ಯಸ್ಥರಿಗೆ ಬರೆದುಕೊಟ್ಟದ್ದರಲ್ಲಿ ಒಂದು ವಾಕ್ಯ ಸುಳ್ಳಿದೆ. ನೀನು ಮೂರನ್ನೂ ಹಿಡಿದು ನೋಡಿ ಹೋದ ಮೇಲೆ ನಾನು ಪಕ್ಕ ಕೆರೆದೆ ಎಂದು ಬರೆದಿದ್ದೇನೆ. ಆದರೆ ಈ ಎರಡರ ಮೇಲೂ ಹಿಡಿದು ನೋಡುವ ಮುಂಚೆ ಸುಲಿಯಬೇಕಾದ, ಅಂಗಡಿಯಿಂದ ಬಂದ ನೀಲಿ ಪ್ಲಾಸ್ಟಿಕ್ ಪೊರೆ ಹಾಗೇ ಇದೆ. ನೋಡಿದವರಿಗೆ ಇವು ಒಂದು ಸಲವೂ ಬಳಕೆಯಾಗಿಲ್ಲವೆಂದು ತಿಳಿಯುತ್ತದೆ. ಸುಲಿಯೋಣ ಎಂದು ಉಗುರು ಹಾಕಿದೆ, ಒಂದು ಮೂಲೆ ಎದ್ದಿದೆ ನೋಡು. ಅಲ್ಲಿಗೇ ಬಿಟ್ಟೆ. ಸುಲಿದು ನನ್ನ ಸುಳ್ಳನ್ನು ಉಳಿಸುವುದೋ ಹಾಗೇ ಮೀಟಿಂಗಿಗೆ ಒಯ್ಯುವುದೋ, ಅದು ನಿನಗೆ ಬಿಟ್ಟದ್ದು. ಯಾವುದು ಮಾಡುತ್ತೀ ಎಂಬುದು ನನಗೆ ಗೊತ್ತು.

ಮುಂದಿನ ಸಲ ಮೂರನ್ನೂ ಹಿಡಿದು ನೋಡು. ಯಾರ ಕೈ ಎಂದು ಕೇಳಬೇಡ.